ಇಪ್ಪತ್ತಮೂರನೆಯ ಮಹಾರಾಣಿಯವರ ಸವಾರಿ ತಡವಾಗಿರುವ ಬಗ್ಗೆ

ಗೆ,
ಶ್ರೀಮನ್ಮಹಾರಾಣಿ, ಸಂಖ್ಯೆ ಇಪ್ಪತ್ತಮೂರು,
ಮೇಲಿನಿಂದ ಮೂರನೆಯ ಸಾಲು, ಸ್ತಾನೆ ಪೆಚ್ನಿಕ್ ಅವರ ಅಡುಗೆಮನೆಯ ಕಪಾಟು,
ಸ್ಲೊವೇನಿಯಾ.

ಮಾನ್ಯ ಮಹಾರಾಣಿಯವರೇ,

ತಮ್ಮ ಆರೂ ಪಾದಾರವಿಂದಗಳಿಗೆ ಒಂದೊಂದಾಗಿ ನಮಸ್ಕರಿಸಿ, ಇಂಗ್ಲೆಂಡಿನ ಹಿಯರ್‌ಫರ್ಡ್ ಸೀಮೆಯ ಅಪ್ಪರ್ ಥಾರ್ನ್‌ಲೋ ಗ್ರಾಮದ ಪರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸಿಂಹಾಸನ ತೆರವಾಗಿದೆ. ಈ ಪತ್ರಿಕೆಯ ಓದುಗರು ಗಾಬರಿಬಿದ್ದು ಬಾವುಟವನ್ನು ಅರ್ಧಕ್ಕೆ ಇಳಿಸಬೇಕಾಗಿಲ್ಲ. ನಾನು ಹೇಳುತ್ತಿರುವುದು ನಮ್ಮ ಹಿತ್ತಲಲ್ಲಿ, ಕೋಳಿಗೂಡಿಗೂ ಬಟ್ಟೆ ಒಣಹಾಕುವ ಹಗ್ಗಕ್ಕೂ ನಡುವೆ ಇರುವ ಹಸಿರು ಜೇನುಪೆಟ್ಟಿಗೆಯ ಸಿಂಹಾಸನದ ವಿಷಯ. ಪೆಟ್ಟಿಗೆ ನನ್ನ ಹೆಂಡತಿ ರೋಸ್ಲಿನ್‌ಳದು. ಶಾಲಾ ಬಸ್ಸು ಓಡಿಸಿ ನಿವೃತ್ತನಾದ ನನಗೆ ಆ ರಾಜ್ಯದಲ್ಲಿ ಹುಳುಗಳು ಕಚ್ಚದಂತೆ ಹೊಗೆಯ ಡಬ್ಬಿ ಹಿಡಿದು ನಿಲ್ಲುವ ಮತ್ತು ಪತ್ರ ಬರೆಯುವ ಎರಡು ಖಾತೆಗಳನ್ನು ಮಾತ್ರ ವಹಿಸಲಾಗಿದೆ.

ಕಳೆದ ಚಳಿಗಾಲದಲ್ಲಿ ಅವಳ ಮೂರು ಪೆಟ್ಟಿಗೆಗಳಲ್ಲಿ ಎರಡು ಖಾಲಿಯಾದವು. ಉಳಿದ ಒಂದನ್ನು ಏಪ್ರಿಲಿನ ಮೊದಲ ಬೆಚ್ಚನೆಯ ಮಧ್ಯಾಹ್ನ ತೆರೆದು ನೋಡಿದರೆ ಒಂದು ಮೊಟ್ಟೆಯೂ ಇಲ್ಲ, ರಾಣಿಯೂ ಇಲ್ಲ. ರೋಸ್ಲಿನ್ ಮುಚ್ಚಳ ಹಾಕಿ, ಮಂಡಿಯೂರಿ, ಪೆಟ್ಟಿಗೆಗೆ ಕಿವಿಯಿಟ್ಟು, “ಕೇಳು ಕ್ಲೆಮ್, ಅಳ್ತಾ ಇವೆ,” ಎಂದಳು. ನಾನು ಕೇಳಿದೆ. ಜೇನಿನ ಗುಂಯ್‌ಗುಟ್ಟುವಿಕೆ ನಮಗೆ ಗೊತ್ತಿರುವಂಥದ್ದೇ, ಆದರೆ ಇದು ಬೇರೆ ಸದ್ದು, ದಿಕ್ಕಿಲ್ಲದವರು ಕತ್ತಲಲ್ಲಿ ಗೋಡೆ ತಡವುತ್ತಿರುವ ಹಾಗೆ. ರಾಣಿಯಿಲ್ಲದ ಪೆಟ್ಟಿಗೆಯಲ್ಲಿ ಹೊಸ ಹುಳು ಹುಟ್ಟುವುದಿಲ್ಲ, ಇರುವವು ಮುದಿಯಾಗಿ ಸಾಯುತ್ತವೆ, ಮೇ ತಿಂಗಳ ಮೊದಲ ವಾರ ಸೇಬಿನ ತೋಟಗಳು ಹೂ ಬಿಡುವ ಹೊತ್ತಿಗೆ ಅಲ್ಲಿಗೆ ಹೋಗಲು ಯಾರೂ ಇರುವುದಿಲ್ಲ. ಅಂತರ್ಜಾಲದಲ್ಲಿ ಜೇನುತುಪ್ಪ ಮತ್ತು ಮೇಣದಬತ್ತಿ ಮಾರುವ ರೋಸ್ಲಿನ್‌ಳ ಪುಟ್ಟ ಅಂಗಡಿ, ಅದರ ಹದಿನೆಂಟು ವರ್ಷದ ಹೆಸರು, ಎಲ್ಲವೂ ಈಗ ಆ ಒಂದು ಹಸಿರು ಪೆಟ್ಟಿಗೆಯೊಳಗಿದೆ. ಸ್ವದೇಶಿ ರಾಣಿಯನ್ನೇ ತರಬಾರದೇ ಎಂದು ತಾವು ಕೇಳಬಹುದು. ನಮ್ಮ ದೇಶದ ರಾಜಕುಮಾರಿಯರು ಮದುವೆಗಾಗಿ ಗಗನಕ್ಕೆ ಹಾರುವುದು ಬಿಸಿಲು ಕಂಡ ಮೇಲೆ, ಮತ್ತು ಇಂಗ್ಲೆಂಡಿನಲ್ಲಿ ಬಿಸಿಲು ಕಾಣುವುದು ಜೂನ್ ತಿಂಗಳಲ್ಲಿ, ಅದೂ ಇದ್ದರೆ. ಈ ಚಳಿಯಲ್ಲಿ ಯಾವ ಕನ್ಯೆಗೂ ವರ ಸಿಗುವುದಿಲ್ಲ.

ಹಿಂದೆಲ್ಲ ಈ ವ್ಯವಹಾರ ಎಷ್ಟು ಅನಾಗರಿಕವಾಗಿತ್ತೆಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಸೋಮವಾರ ರೋಸ್ಲಿನ್, ರಾಣಿಜೇನುಗಳನ್ನು ಸಾಕಿ ಮಾರುವ ಸ್ತಾನೆಯವರ ಜಾಲತಾಣದಲ್ಲಿ ಒಂದು ರಾಣಿಯ ಚಿತ್ರ ಒತ್ತುತ್ತಿದ್ದಳು, ಗುರುವಾರ ನಮ್ಮ ಅಂಚೆಯ ಗ್ವೆಂಡಾ ಸಣ್ಣ ತೂತುಗಳಿರುವ ಒಂದು ಲಕೋಟೆಯನ್ನು ಮಾರು ದೂರದಲ್ಲಿ ಹಿಡಿದುಕೊಂಡು ಬಂದು, “ರೋಸ್, ನಿನ್ನ ಕಾಗದ ಮಾತಾಡ್ತಾ ಇದೆ, ಬೇಗ ತಗೋ,” ಎನ್ನುತ್ತಿದ್ದಳು. ಒಬ್ಬ ಮಹಾರಾಣಿಯನ್ನು ವಿದ್ಯುತ್ ಬಿಲ್ಲಿನ ಜೊತೆ ಬಾಗಿಲ ಸೀಳಿನಲ್ಲಿ ತೂರಿಸುವ ಕಾಲ ಅದು. ದೇಶ ಯೂರೋಪಿನ ಒಕ್ಕೂಟದಿಂದ ಹೊರಬಂದ ಮೇಲೆ ರಾಜಮರ್ಯಾದೆ ಏನೆಂಬುದು ನಮಗೆ ತಿಳಿಯಿತು. ಈಗ ತಮ್ಮನ್ನು ಪಶುವೈದ್ಯರು ಖುದ್ದಾಗಿ ಕಂಡು ಆರೋಗ್ಯಪತ್ರ ಬರೆಯುತ್ತಾರೆ, ತಾವು ಹೊರಡುವ ಮೊದಲೇ ತಮ್ಮ ಆಗಮನದ ಸೂಚನಾಪತ್ರ ಸರ್ಕಾರಕ್ಕೆ ತಲುಪಿ ಅಂಗೀಕಾರವಾಗಬೇಕು, ಬರುವ ದಾರಿ ನಿಗದಿಯಾಗಬೇಕು. ತಮ್ಮೊಡನೆ ಸೇವೆಗೆ ಇಪ್ಪತ್ತು ಹುಳುಗಳವರೆಗೆ ಸಖಿಯರು ಬರಬಹುದು, ಪ್ರಜೆಗಳ ಹಿಂಡು ಬರುವಂತಿಲ್ಲ. ಸಖಿಯರ ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ತಾವು ಇಲ್ಲಿಗೆ ದಯಮಾಡಿಸಿದ ಕೂಡಲೇ ತಮ್ಮನ್ನು ಬೇರೆ ಪಂಜರಕ್ಕೆ ಬಿಜಯಂಗೈಸಿ, ದಾರಿಯುದ್ದಕ್ಕೂ ತಮಗೆ ತುತ್ತು ತಿನ್ನಿಸಿದ ಅವರನ್ನು ಹಳೆಯ ಪಂಜರದ ಸಮೇತ ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಿಕೊಡಲಾಗುವುದು. ಅವರು ಅಲ್ಲಿಂದ ತಮಗೆ ಪತ್ರ ಬರೆಯುವುದಿಲ್ಲ. ತಾವು ಅದನ್ನು ಅಪಾರ್ಥ ಮಾಡಿಕೊಳ್ಳಬಾರದು.

ರೋಗ ಬರಬಾರದೆಂದು ನೋಡುವುದು ಒಳ್ಳೆಯದೇ, ನಾನು ಅದನ್ನು ದೂರುವವನಲ್ಲ. ದೂರು ಇರುವುದು ತಮ್ಮ ಮೇಲೆ, ತಾವು ಒಬ್ಬರೇ ಆಗಿದ್ದೀರಿ ಎಂಬುದರ ಮೇಲೆ. ಸ್ತಾನೆಯವರ ಜಾಲತಾಣದ ದೇಶಗಳ ಪಟ್ಟಿಯಲ್ಲಿ ನಮ್ಮ ದೇಶವನ್ನು ಮೇಲಿಂದ ಕೆಳಕ್ಕೆ ಮೂರು ಸಲ ಹುಡುಕಿ ಕಾಣದೆ ನಾನು ಅವರಿಗೆ ಫೋನು ಮಾಡಿದಾಗ ಅವರು ಹೇಳಿದ್ದನ್ನು ಇದ್ದಂತೆಯೇ ಬರೆಯುತ್ತೇನೆ: “ಕ್ಲೆಮೆಂಟ್, ಜಗಳ ಆಡ್ಕೊಂಡು ಮನೆ ಬಿಟ್ಟು ಹೋದೋರು ನೀವು. ಈಗ ಒಂದು ಲೋಟ ಸಕ್ಕರೆ ಬೇಕು ಅಂತ ಬಾಗಿಲು ತಟ್ತಾ ಇದೀರಿ. ಕೊಡಲ್ಲ ಅಂತಲ್ಲ. ಪಶುವೈದ್ಯ ಒಂದು ರಾಣೀನ ನೋಡೋಕೆ ಬರೋದೂ ಅದೇ ಕಾರಲ್ಲಿ, ಐವತ್ತು ರಾಣೀರನ್ನ ನೋಡೋಕೆ ಬರೋದೂ ಅದೇ ಕಾರಲ್ಲಿ. ಐವತ್ತು ಜನ ಸೇರ್ಕೊಂಡು ಕೇಳಿ, ಕಳಿಸ್ತೀನಿ.” ರೋಸ್ಲಿನ್‌ಗೆ ಈ ಮಾತು ಹೊಸದಲ್ಲ. ಒಕ್ಕೂಟದೊಳಗಿನ ಡಬ್ಲಿನ್ನಿಗೂ ಘೆಂಟಿಗೂ ಹೋಗುತ್ತಿದ್ದ ಅವಳ ಜೇನಿನ ಬಾಟಲಿಗಳಿಗೂ ಇಂಥದೇ ಪಶುವೈದ್ಯರ ಪತ್ರ ಬೇಕಾಗಿ, ಒಂದೊಂದು ಬಾಟಲಿಗೆ ಒಬ್ಬೊಬ್ಬ ವೈದ್ಯರನ್ನು ಕರೆಯಲಾಗದೆ, ಅವಳು ತನ್ನ ಅಂಗಡಿಯ ಪಟ್ಟಿಯಿಂದ ಆ ದೇಶಗಳನ್ನೆಲ್ಲ ಒಂದು ಸಂಜೆ ತಾನೇ ಅಳಿಸಿದ್ದಳು. ಹೀಗೆ ಅವರು ನಮ್ಮನ್ನೂ ನಾವು ಅವರನ್ನೂ ಅಳಿಸಿ ಲೆಕ್ಕ ಸಮ ಮಾಡಿಕೊಂಡಿದ್ದೇವೆ.

ಐವತ್ತು ಜನರನ್ನು ಹುಡುಕಲು ಚರ್ಚಿನ ಪಕ್ಕದ ಸಭಾಂಗಣದಲ್ಲಿ ಜೇನು ಸಾಕುವವರ ಸಂಘದ ತುರ್ತುಸಭೆ ನಡೆಯಿತು. ನಾಲ್ಕು ಊರುಗಳಿಂದ ಬಂದವರ ಬೇಡಿಕೆ ಕೂಡಿಸಿದರೆ ನಲವತ್ತೊಂಬತ್ತು ರಾಣಿಯರಾದರು. ಉಳಿದದ್ದು ಸಂಘದ ಅಧ್ಯಕ್ಷರಾದ ಎಲ್ಗಾರ್ ಪ್ರಾಬರ್ಟ್ ಒಬ್ಬರೇ. ಎಂಬತ್ತನಾಲ್ಕು ವರ್ಷದ ಅವರು ಮಂಡಿನೋವಿಗೆ ಸೋತು ಜೇನು ಬಿಟ್ಟು ಆರು ವರ್ಷವಾಯಿತು, ಅಧ್ಯಕ್ಷತೆ ಬಿಟ್ಟಿಲ್ಲ. ಒಕ್ಕೂಟ ಬಿಡಬೇಕೆಂದು ಮತ ಹಾಕಿದವರಲ್ಲಿ ತಾವೇ ಮೊದಲಿಗರೆಂದು ಅವರು ಹೇಳಿಕೊಳ್ಳುತ್ತಾರೆ. ಕಾರಣ ಕೇಳಿದರೆ, “ಮೀನು. ನಮ್ಮ ಮೀನು ನಮಗೇ ಸಿಗ್ಬೇಕು,” ಎನ್ನುತ್ತಾರೆ. ನಮ್ಮ ಸೀಮೆಗೆ ಸಮುದ್ರವೇ ಇಲ್ಲವಲ್ಲ ಎಂದು ರೋಸ್ಲಿನ್ ಒಮ್ಮೆ ನೆನಪಿಸಿದ್ದಕ್ಕೆ, “ಇಲ್ಲದೋರಿಗೇ ತಾಯಿ ಕಾಳಜಿ ಜಾಸ್ತಿ,” ಎಂದಿದ್ದರು. ಆ ಸಭೆಯಲ್ಲಿ ಅವರು ವಿದೇಶಿ ರಾಣಿಯ ಪರವಾಗಿಯೂ ಮಾತಾಡಲಿಲ್ಲ, ವಿರುದ್ಧವಾಗಿಯೂ ಮಾತಾಡಲಿಲ್ಲ. ಬಿಸ್ಕತ್ತು ಚಹಾದಲ್ಲಿ ಮುರಿದು ಬಿದ್ದದ್ದನ್ನು ಚಮಚದಿಂದ ಹುಡುಕುತ್ತಾ, “ನೀವೆಲ್ಲ ಓದಿದೋರು. ದೇಶ ಮನೆ ಬಿಟ್ಟು ಹೊರಗೆ ಬಂತು. ಅಷ್ಟು ದೊಡ್ಡ ಸುದ್ದೀನ ಒಬ್ಬರಾದ್ರೂ ಜೇನುಗಳಿಗೆ ಹೇಳಿದ್ರಾ?” ಎಂದು ಕೇಳಿದರು.

ಸಭೆ ತಲೆ ತಗ್ಗಿಸಿತು. ಮನೆಯಲ್ಲಿ ಸಾವಾಗಲಿ, ಮದುವೆಯಾಗಲಿ, ಬೀಗದಕೈಯಿಂದ ಪೆಟ್ಟಿಗೆಯನ್ನು ಮೂರು ಸಲ ಮೆಲ್ಲಗೆ ತಟ್ಟಿ ಹುಳುಗಳಿಗೆ ತಿಳಿಸಬೇಕು, ಇಲ್ಲವಾದರೆ ಅವು ಮುನಿಸಿಕೊಂಡು ಹೊರಟುಹೋಗುತ್ತವೆ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಒಕ್ಕೂಟ ಬಿಡುವ ವಿಷಯವಾಗಿ ನಾವು ಅಣ್ಣತಮ್ಮಂದಿರ ಜೊತೆ ಮಾತು ಬಿಟ್ಟಿದ್ದೆವು, ಕ್ರಿಸ್‌ಮಸ್ ಊಟದ ಮೇಜಿನಿಂದ ಎದ್ದುಹೋಗಿದ್ದೆವು, ಆದರೆ ಜೇನುಗಳಿಗೆ ಹೇಳುವುದನ್ನು ಇಡೀ ಸೀಮೆ ಮರೆತುಬಿಟ್ಟಿತ್ತು.

ಹಾಗಾಗಿ ಮಾರನೆಯ ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ, ಎಲ್ಗಾರ್ ತಮ್ಮ ಮನೆಯ ಬೀಗದಕೈ ಹಿಡಿದು ನಮ್ಮ ಹಿತ್ತಲಿಗೆ ಬಂದರು. ಟೋಪಿ ತೆಗೆದರು. ಮೂರು ಸಲ ತಟ್ಟಿದರು. “ಮಕ್ಕಳೇ, ನಾನು ಎಲ್ಗಾರ್. ಒಂದು ಸಮಾಚಾರ ಇದೆ, ಹೇಳೋದು ಸ್ವಲ್ಪ ತಡ ಆಯ್ತು,” ಎಂದು ಆರಂಭಿಸಿ, ಹೊರದೇಶದ ರಾಣಿ ತರಿಸುವ ಬಗ್ಗೆ ನಾನು ಅಚ್ಚುಹಾಕಿ ಕೊಟ್ಟಿದ್ದ ಹತ್ತೊಂಬತ್ತು ಪುಟದ ನಿಯಮಗಳನ್ನು ಗಟ್ಟಿಯಾಗಿ ಓದತೊಡಗಿದರು. ನಾಲ್ಕನೆಯ ಪುಟದಲ್ಲಿ ಕುರ್ಚಿ ಕೇಳಿದರು. ಒಂಬತ್ತನೆಯದರಲ್ಲಿ ಕನ್ನಡಕ ಒರೆಸಿಕೊಂಡರು. ಹನ್ನೊಂದನೆಯದರಲ್ಲಿ ನಿಂತುಬಿಟ್ಟರು. “ರೋಸ್, ರಾಣಿ ಬರಬಹುದಂತೆ, ಹುಳು ಬರಬಾರದಂತೆ. ಹುಳು ಇಲ್ದೆ ಬರೀ ರಾಣೀನ ಇಟ್ಕೊಂಡು ಏನ್ ಮಾಡೋದು?” “ನನ್ನ ಕೇಳಬೇಡಿ ಎಲ್ಗಾರ್,” ಎಂದಳು ರೋಸ್ಲಿನ್, “ವಿವರಿಸೋಕೆ ಬಂದಿರೋರು ನೀವು, ಅವು ಕಾಯ್ತಾ ಇವೆ.” ಮುದುಕ ಇನ್ನೂ ಎರಡು ಪುಟ ಮನಸ್ಸಿನಲ್ಲೇ ಓದಿಕೊಂಡು, ಕಾಗದ ಮಡಚಿ, ನನ್ನ ಕಡೆ ತಿರುಗಿ, “ಇವಕ್ಕೆ ಏನಂತ ಹೇಳ್ಲಿ ಹುಡುಗಾ? ನನಗೇ ಯಾರೂ ಹೇಳಿರ್ಲಿಲ್ಲ,” ಎಂದರು. ಆಮೇಲೆ ಟೋಪಿ ಹಾಕಿಕೊಂಡು, “ಐವತ್ತನೇದು ನನ್ನ ಹೆಸರಲ್ಲಿ ಬರ್ಕೋ,” ಎಂದು ಹೇಳಿ ಹೋದರು. ಒಂದು ಹುಳುವೂ ಇಲ್ಲದವರಿಗೆ ರಾಣಿ ಯಾತಕ್ಕೆ ಎಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಇನ್ನು ಮುಂದಿನ ತಪ್ಪು ನನ್ನದು. ನಮ್ಮ ಪಾಲಿಗೆ ಬಂದ ತಮ್ಮದೂ ಸೇರಿ ಐವತ್ತು ರಾಣಿಯರ ಸೂಚನಾಪತ್ರವನ್ನು ತುಂಬಿದವನು ನಾನೇ, ಎರಡು ಸಂಜೆ ಕೂತು ತುಂಬಿದೆ. ಮೂಲ ಯಾವುದು ಎಂಬಲ್ಲಿ ಸ್ಲೊವೇನಿಯಾ ಎಂದು ಬರೆದೆ. ತಾವು ಹೋದ ಬೇಸಿಗೆಯಲ್ಲಿ ಮದುವೆಯ ದಿನ ಆಲ್ಪ್ಸ್ ಬೆಟ್ಟದ ಮೇಲೆ ಹಾರಿ ಹದಿನೈದು ಗಂಡಂದಿರನ್ನು ವರಿಸಿದ್ದು, ಅವರಲ್ಲಿ ಅರ್ಧ ಜನ ಗಡಿಯಾಚೆಯ ಆಸ್ಟ್ರಿಯಾದವರಿರಬಹುದೆಂದು ಸ್ತಾನೆಯವರಿಗಿರುವ ಗುಮಾನಿ, ಇವನ್ನು ಕುಟುಂಬದ ಮರ್ಯಾದೆಗಾಗಿ ಮರೆಮಾಚಿದೆ. ಎಲ್ಲ ಸರಿಯಾಗಿತ್ತು. ಕೊನೆಯಲ್ಲಿ ‘ಇತರ ಷರಾ ಏನಾದರೂ ಇದ್ದಲ್ಲಿ’ ಎಂಬ ಖಾಲಿ ಚೌಕ ಕಂಡಿತು. ಇಷ್ಟೆಲ್ಲ ಮಾಹಿತಿಯನ್ನು ಯಾರದೋ ತಲೆಗೆ ಕಟ್ಟುತ್ತಿದ್ದೇನಲ್ಲ ಎಂಬ ಸಂಕೋಚದಿಂದ ನಾನು ಅಲ್ಲಿ, ‘ತೊಂದರೆ ಕೊಡುತ್ತಿರುವುದಕ್ಕೆ ದಯವಿಟ್ಟು ಕ್ಷಮಿಸಿ’ ಎಂದು ಬರೆದೆ.

ಆರು ದಿನ ಕಳೆದರೂ ಉತ್ತರವಿಲ್ಲದೆ ಫೋನು ಮಾಡಿದಾಗ ಸರ್ಕಾರಿ ಕಚೇರಿಯ ಹುಡುಗಿ ಬಹಳ ವಿನಯದಿಂದ, “ಆ ಚೌಕ ಖಾಲಿ ಇದ್ದಿದ್ರೆ ಅದು ತಾನಾಗೇ ಮುಂದಕ್ಕೆ ಹೋಗ್ತಿತ್ತು ಸರ್. ನೀವು ಏನೋ ಬರೆದಿದೀರಲ್ಲ, ಅದನ್ನ ಯಾರಾದ್ರೂ ಮನುಷ್ಯರು ಓದ್ಬೇಕು. ಓದೋರು ಈಸ್ಟರ್ ರಜೆ ಮೇಲಿದಾರೆ,” ಎಂದಳು. ನಾನು ಕ್ಷಮಿಸಿ ಎಂದೆ. ಅವಳು, ಇಲ್ಲ ಸರ್, ನೀವು ಕ್ಷಮಿಸಬೇಕು ಎಂದಳು. ನಾನು ಛೆ ಛೆ, ತಪ್ಪು ನನ್ನದು ಎಂದೆ. ಹೀಗೆ ಇಬ್ಬರೂ ಸೋಲದೆ ಏಳು ನಿಮಿಷ ಕಳೆದ ಮೇಲೆ, ಸಲ್ಲಿಸಿದ ಕ್ಷಮೆಯನ್ನು ಹಿಂತೆಗೆದುಕೊಳ್ಳಲು ಬೇರೊಂದು ಅರ್ಜಿಯಿದೆಯೆಂದೂ, ಅದನ್ನು ಓದುವವರೂ ಅವರೇ ಎಂದೂ ತಿಳಿಯಿತು. ರೋಸ್ಲಿನ್ ಕೈಯಲ್ಲಿದ್ದ ಮೇಣದ ಅಚ್ಚನ್ನು ಕೆಳಗಿಟ್ಟು, “ಅರ್ಜಿಗೆ ಯಾರಾದ್ರೂ ಸಾರಿ ಕೇಳ್ತಾರಾ ಕ್ಲೆಮ್? ನಲವತ್ತು ವರ್ಷದಲ್ಲಿ ನನಗೆ ಎರಡೇ ಸಲ ಕೇಳಿದೀಯ,” ಎಂದಳು. ಅಲ್ಲಿಗೆ ಮೂರನೆಯದೂ ಆಯಿತು.

ಆದ್ದರಿಂದ ಮಹಾರಾಣಿಯವರೇ, ತಾವು ಇನ್ನೂ ನಲವತ್ತೊಂಬತ್ತು ಮಹಾರಾಣಿಯರ ಜೊತೆ ಸ್ತಾನೆಯವರ ಕಪಾಟಿನಲ್ಲಿ ಸಕ್ಕರೆ ಉಂಡೆ ಚೀಪುತ್ತಾ ಕುಳಿತಿರುವುದಕ್ಕೆ ಕಾರಣ ಇಂಗ್ಲೆಂಡಿನ ಸೌಜನ್ಯವೇ ಹೊರತು ಬೇರೇನಲ್ಲ. ಓದುವ ಅಧಿಕಾರಿಗಳು ಮಂಗಳವಾರ ಮರಳುತ್ತಾರೆ. ಅಷ್ಟರವರೆಗೆ ಕಾಯಲಾಗದಿದ್ದಲ್ಲಿ ತಾವು ಸ್ವಂತ ರೆಕ್ಕೆಯ ಮೇಲೆ ಹೊರಟುಬಿಡಬಹುದೆಂದು ಸೂಚಿಸುತ್ತೇನೆ, ಏಕೆಂದರೆ ಹಾರಿಬಂದ ಹುಳುವಿಗೆ ತುಂಬಬೇಕಾದ ಅರ್ಜಿ ಯಾವುದೆಂದು ಹತ್ತೊಂಬತ್ತು ಪುಟಗಳಲ್ಲಿ ಎಲ್ಲೂ ಇಲ್ಲ. ಆಲ್ಪ್ಸ್ ದಾಟಿ, ಫ್ರಾನ್ಸಿನಲ್ಲಿ ಯಾರ ಹತ್ತಿರವೂ ಮಾತಿಗೆ ನಿಲ್ಲದೆ, ಕಡಲು ಮುಗಿದ ಮೇಲೆ ನಮ್ಮ ದಡದ ಬಿಳಿ ಬಂಡೆಗಳಿಂದ ಎಡಕ್ಕೆ ತಿರುಗಿದರೆ ಸಾಕು. ಅದು ಕಷ್ಟವೆನಿಸಿದರೆ ದಯವಿಟ್ಟು ಅಲ್ಲಿಂದಲೇ ಆಳಲು ಸಾಧ್ಯವೇ ಪರಿಶೀಲಿಸಿ. ದೂರದಿಂದ ಆಳಿಸಿಕೊಳ್ಳುವುದನ್ನು ನಾವು ತುಂಬಾ ವಿರೋಧಿಸಿದ್ದು ನಿಜ, ಆದರೆ ಅದು ಮೊಟ್ಟೆ ಇಡುವವರ ಬಗ್ಗೆ ಆಗಿರಲಿಲ್ಲ.

ರೋಸ್ಲಿನ್ ದಿನಕ್ಕೆರಡು ಸಲ ಪೆಟ್ಟಿಗೆಗೆ ಕಿವಿಯಿಟ್ಟು ಬರುತ್ತಾಳೆ. ಏನಾದರೂ ಕೇಳಿಸಿತೇ ಎಂದು ನಾನು ವಿಚಾರಿಸುವುದಿಲ್ಲ.

ತಮ್ಮ ದೀರ್ಘಾಯುಷ್ಯವನ್ನೂ, ಅದಕ್ಕಿಂತ ಮೊದಲು ತಮ್ಮ ಪ್ರಯಾಣವನ್ನೂ ಹಾರೈಸುವ,
ತಮ್ಮ ವಿಶ್ವಾಸಿ,
ಕ್ಲೆಮೆಂಟ್ ಹ್ಯಾಡ್ಲಿ

ವಿ.ಸೂ.: ಈಸ್ಟರ್ ರಜೆಯಲ್ಲಿರುವ ಅಧಿಕಾರಿಗಳ ಕಣ್ಣಿಗೆ ಈ ಪತ್ರ ಬಿದ್ದರೆ, ಇದರಲ್ಲಿ ಎಲ್ಲಿಯೂ ತಮ್ಮಲ್ಲಿ ಕ್ಷಮೆ ಕೇಳಿಲ್ಲವೆಂಬುದನ್ನು ಗಮನಿಸಿ, ಬೇಗ ಮುಂದಕ್ಕೆ ಕಳಿಸುವುದು. ಉಳಿದ ಓದುಗರಿಗೆ ಒಂದು ಮಾತು. ಮಂಗಳವಾರ ಒಪ್ಪಿಗೆ ಸಿಕ್ಕರೂ ರಾಣಿ ಇಲ್ಲಿಗೆ ಬರುವುದು ಮುಂದಿನ ಶುಕ್ರವಾರಕ್ಕೆ. ಮೊಟ್ಟೆ ಮರಿಗಳ ವಾಸನೆ ಇದ್ದರೆ ಹುಳುಗಳು ಅಲ್ಲಿಯವರೆಗೆ ಆಸೆ ಬಿಡದೆ ಕಾಯುತ್ತವೆ, ಇಲ್ಲದಿದ್ದರೆ ಕಾಯುವುದಿಲ್ಲ. ಸಂಘದ ಇಬ್ಬರು ಈಗಾಗಲೇ ತಮ್ಮ ಪೆಟ್ಟಿಗೆಯಿಂದ ಮೊಟ್ಟೆಯಿರುವ ಮೇಣದ ಹುಟ್ಟಿನ ಒಂದೊಂದು ಚೌಕಟ್ಟು ಕೊಟ್ಟಿದ್ದಾರೆ. ವಸಂತದ ಆರಂಭದಲ್ಲಿ ಎಲ್ಲರದೂ ಕಡಿಮೆಯೇ ಇರುವುದರಿಂದ ಅವರನ್ನೇ ಮತ್ತೆ ಕೇಳಲು ರೋಸ್ಲಿನ್‌ಗೆ ಮನಸ್ಸಿಲ್ಲ. ಲೆಮ್‌ಸ್ಟರ್ ರಸ್ತೆಯ ಆಸುಪಾಸಿನಲ್ಲಿ ಯಾರ ಗೂಡಿನಲ್ಲಾದರೂ ಹೊಸ ಮೊಟ್ಟೆಯಿರುವ ಒಂದು ಚೌಕಟ್ಟು, ಮೊಟ್ಟೆಗಳು ಅಂಗೈಯಗಲದಷ್ಟಿದ್ದರೂ ಆದೀತು, ಕೊಡುವಷ್ಟಿದ್ದರೆ ದಯವಿಟ್ಟು ಸೋಮವಾರದೊಳಗೆ ತಿಳಿಸಿ. ಅದನ್ನು ಸುತ್ತಿಕೊಳ್ಳಲು ಬೆಚ್ಚಗಿನ ಟವೆಲು ತೆಗೆದುಕೊಂಡು ನಾನೇ ಬರುತ್ತೇನೆ.