ನಾನು ಬಿಚ್ಚಲು ಹೋದ ಪೆಂಡಾಲು

ಅಂಜಿಕೆ ಎಂಬ ಮಾತನ್ನು ನಾನು ನನ್ನ ವಿಷಯದಲ್ಲಿ ಬಳಸುವುದಿಲ್ಲ. ಎದೆ ಹೊಡೆದುಕೊಂಡಾಗಲೆಲ್ಲ ಬಿ.ಪಿ. ಎನ್ನುತ್ತೇನೆ. ಸಣ್ಣವನಿದ್ದಾಗಲೇ ಶಾಲೆ ಬಿಟ್ಟು, ಬೈಲಹೊಂಗಲದಲ್ಲಿ ಸ್ವಂತ ರಟ್ಟೆಯ ಮೇಲೆ ಪೆಂಡಾಲಿನ ಧಂದೆ ಕಟ್ಟಿದವನಿಗೆ ಅಷ್ಟು ಸ್ವಾತಂತ್ರ್ಯ ಇರಬೇಕಲ್ಲ? ಮದುವೆಯಿರಲಿ, ಧರಣಿಯಿರಲಿ, ಕಂಬ ನಿಲ್ಲಿಸಿ, ಹಗ್ಗ ಬಿಗಿದು, ಬದಿಗೆ ಸರಿದುಬಿಡುತ್ತೇನೆ. ಒಳ್ಳೆಯ ನಾಗರಿಕನೆಂದರೆ ಹೀಗೆ ಸರಿದು ನಿಲ್ಲುವವನು ಎಂದೇ ತಿಳಿದಿದ್ದೆ. ವೋಟಿನ ದಿನ ಮಾತ್ರ ಇಸ್ತ್ರಿ ಅಂಗಿ ಹಾಕಿಕೊಂಡು ಮುಂದೆ ಹೋಗುತ್ತಿದ್ದೆ.

ಮೊನ್ನೆ ಬಸ್ ನಿಲ್ದಾಣದ ಎದುರು ಬಸ್ಸಿಗಾಗಿ ಕಾಲೇಜು ಹುಡುಗರು ಹೂಡಿದ ಧರಣಿಗೆ ಪೆಂಡಾಲು ಹಾಕಿ, ಚಹಾ ಕುಡಿದು ಬಂದು ನೋಡುತ್ತೇನೆ: ಮುಂದಿನ ಸಾಲಿನಲ್ಲಿ ಮೈಕು ಹಿಡಿದು ಕುಳಿತವಳು ಬಿ.ಎ. ಓದುವ ನನ್ನ ಮಗಳು ಸವಿತಾ! ಪೊಲೀಸ್ ಕೇಸಾದರೆ ಟೀಚರ್ ಆಗುವ ಅವಳ ಆಸೆಯ ಗತಿಯೇನು? ಬಗ್ಗಿ, ಮೆಲ್ಲಗೆ ಕೇಳಿದೆ: "ಮನಿಯಿಂದ ಕಾಲೇಜಿಗಿ ನಡಕೊಂಡ ಹೋಗ್ತೀ. ನಿನಗ್ಯಾಕವ್ವಾ ಬಸ್ಸಿನ ಉಸಾಬರಿ?" ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದ ಗೆಳತಿಯನ್ನು ತೋರಿಸಿ, "ನನಗಲ್ಲಪ್ಪಾ, ಗೌರಿಗೆ. ಸವದತ್ತಿ ಕಡಿಂದ ಬರೋ ಬಸ್ಸು ಇವರೂರಾಗ ನಿಲ್ಲಂಗಿಲ್ಲ. ಹಿಂಗಾದ್ರ ಕಾಲೇಜ ಬಿಡಸ್ತೇವಿ ಅಂತ ಮನ್ಯಾಗ ಹೇಳ್ಯಾರ" ಎಂದಳು. "ಅದಕ್ಕ ಡಿಪೋ ಸಾಹೇಬರ ಕೈಕಾಲು ಹಿಡಕೊಂಡ ಕೇಳಬೇಕಿಲ್ಲೋ?" "ಯಾಕ? ಬಸ್ಸು ಅವರ ಮನೀದೇನು?"

ನಾನು ಪೆಂಡಾಲಿನ ಹಿಂದಕ್ಕೆ ಹೋದೆ. ನೆರಳು ಹೋದರೆ ಹುಡುಗರು ತಾವಾಗಿ ಮನೆ ಸೇರುತ್ತಾರೆಂದು ಹಿಂದಿನಿಂದ ಹಗ್ಗ ಬಿಚ್ಚತೊಡಗಿದೆ. ಕಂಬಗಳು ವಾಲಿದವು. ಹುಡುಗರು ಎದ್ದರು, ಹೋಗಲಿಕ್ಕಲ್ಲ, ಕಂಬ ಹಿಡಿದುಕೊಂಡು ಘೋಷಣೆ ಕೂಗಲಿಕ್ಕೆ! ಒಂದು ಕಂಬ ಗೌರಿಯ ಕಡೆಗೇ ವಾಲಿದಾಗ ನಾನೇ ಓಡಿ ಅಪ್ಪಿಕೊಂಡೆ. "ಕಾಕಾ, ಗಟ್ಟಿ ಹಿಡೀರಿ, ಬಿಟ್ಟೀರಿ ಮತ್ತ!" ಎಂದ ಒಬ್ಬ.

ಅದೇ ಹೊತ್ತಿಗೆ ಡಿಪೋ ಸಾಹೇಬರು, ಅವರ ಹಿಂದೆ ಪೊಲೀಸ್ ಫೌಜದಾರರು ಬಂದರು. ಮಗಳ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿರೆಂದು ಬೇಡಲು ಬಾಯಿ ತೆರೆದೆ. ಗೌರಿ ನನ್ನನ್ನೇ ನೋಡುತ್ತಿದ್ದಳು. "ಬಸ್ಸು ಯಾವಾಗಿಂದ ನಿಲ್ಲಸ್ತೀರಿ ಸಾಹೇಬ್ರ?" ಎಂದುಬಿಟ್ಟೆ. ಸಾಹೇಬರು ಘೋಷಣೆ ಕೂಗುವ ಹುಡುಗರನ್ನು ನೋಡಿ, ಬೆವರು ಒರೆಸಿಕೊಂಡು, "ಸೋಮವಾರದಿಂದ. ಬರದ ಕೊಡತೇನಿ" ಎಂದರು. ಗೌರಿ ಅತ್ತಳು, ಹುಡುಗರು ಕುಣಿದರು.

ನನ್ನ ಬಿ.ಪಿ. ಮಾತ್ರ ಇಳಿಯಲಿಲ್ಲ. ಫೌಜದಾರರತ್ತ ತಿರುಗಿ, "ಹುಡುಗರ ಮ್ಯಾಲೆ ಕೇಸ್ ಏನರ..." ಎಂದು ತೊದಲಿದೆ. "ಕೇಸ್ ಯಾಕ? ನಿಮ್ಮ ಮಗಳು ಮೊದಲ ಪರವಾನಗಿ ತಗೊಂಡಾಳ" ಎಂದವರು, ನೆಲಕ್ಕೆ ಬಿದ್ದ ಹಗ್ಗ ನೋಡಿ ಹುಬ್ಬು ಗಂಟಿಕ್ಕಿದರು. "ಮಂದಿ ಕುಂತಾಗ ಪೆಂಡಾಲ ಬಿಚ್ಚಿದಾಂವ ಯಾಂವ?"

ನಾನು ಕಂಬದ ಮರೆಗೆ ಸರಿದೆ. ಸವಿತಾ ನನ್ನ ಮುಂದೆ ಬಂದು ನಿಂತಳು.

"ಬಿಡ್ರಿ ಸರ. ನಮ್ಮಪ್ಪಗ ಇದೆಲ್ಲಾ ಹೊಸಾದು. ಕಲೀತಾರ."