ದೇವಣಿ ಹೋರಿಯ ಮೊಣಕಾಲು ಮತ್ತು ನನ್ನ ಕಂಬಳಿ

ಉಮರ್ಗಾದಿಂದ ಉದಗೀರಕ್ಕೆ ಹೋಗುವ ದಾರಿ ನನಗೆ ಕಣ್ಣು ಕಟ್ಟಿ ಬಿಟ್ಟರೂ ಗೊತ್ತು. ಅಂದು ಅಲ್ಲಿ ತಂಗಿಯ ಮಗಳ ನಿಶ್ಚಿತಾರ್ಥ, ಹನ್ನೊಂದಕ್ಕೆ ಮುಹೂರ್ತ. ಬೀರಪ್ಪನ ಒಕ್ಕಲಾದ ನಮ್ಮ ಮನೆತನದಲ್ಲಿ ಸೋದರಮಾವ ತಂದ ಕರಿಕಂಬಳಿ ಹಾಸದೆ ಹುಡುಗಿಯನ್ನು ಕೂಡಿಸುವುದಿಲ್ಲ. ಆ ಸೋದರಮಾವ ನಾನೇ! ಕಂಬಳಿ ಹಿಂದಿನ ಸೀಟಿನಲ್ಲಿ ನನಗಿಂತ ಗಂಭೀರವಾಗಿ ಕೂತಿತ್ತು.

ನಿಲಂಗಾ ದಾಟಿ ಕಾರನ್ನು ದೇವಣಿ ಕಡೆ ಹೊರಳಿಸಿದೆ.

“ಈ ಕಡಿ ಎಲ್ಲಿಗ್ರೀ?” ಎಂದಳು ಹೆಂಡತಿ ಭಾಗವ್ವ.

“ಆ ದೊಡ್ಡ ಹೋರಿ ನೋಡಿ ಹೋಗೂಣು. ಹತ್ತು ಮಿನಿಟು!”

“ಮನ್ಯಾಗ ನಾಕು ದನಾ ಅವ. ಅವನ್ನ ಒಮ್ಮೆರ ಕಣ್ಣೆತ್ತಿ ನೋಡೀರೇನು?”

ನೋಡಿರಲಿಲ್ಲ. ಆದರೆ ಇದು ಸುದ್ದಿಯಾದ ಹೋರಿ! ದೇವಣಿ ತಳಿಯ ಹೆಮ್ಮೆಗಾಗಿ ಒಂದು ಹಳ್ಳಿಯವರು ಕಟ್ಟಿಸಿದ ಸಿಮೆಂಟಿನ ಮೂರ್ತಿ. ಅದಕ್ಕೆ ಅಚ್ಚ ಬಿಳಿ ಬಣ್ಣವೋ, ಕರಿಮಚ್ಚೆಯೋ? ತಳಿಯಲ್ಲಿ ಎರಡೂ ಉಂಟು. ಹೀಗಾಗಿ ಊರೇ ಎರಡಾಗಿ, ಬೀಗರು ಬೀಗರೊಡನೆ ಮಾತು ಬಿಟ್ಟಿದ್ದರು.

ತಿರುವಿನಲ್ಲಿ ಅದು ಕಂಡಿತು. ಅಬ್ಬಾ! ಬೇವಿನ ಮರಗಳು ಅದರ ಮೊಣಕಾಲಿನವರೆಗೆ ಮಾತ್ರ ಬರುತ್ತಿದ್ದವು. ಕೋಡಿನ ಮೇಲೆ ಕೂತ ಗಿಡುಗ ಗುಬ್ಬಿಯಷ್ಟು ಕಾಣುತ್ತಿತ್ತು. ಕಣ್ಣು ಮಾತ್ರ ನಮ್ಮಪ್ಪ ಸಾಕಿದ ಹೋರಿಯದೇ ಕಣ್ಣು. ನಾನು ಕಾರಿನಿಂದ ಇಳಿದು ಕೈ ಮುಗಿದೆ. ಭಾಗವ್ವ ಕೂಡ ಸೆರಗು ತಲೆಗೆಳೆದುಕೊಂಡು ಮಾತಿಲ್ಲದೆ ನಿಂತಳು. ಮದುವೆಯಾದಾಗಿನಿಂದ ಅವಳ ಬಾಯಿ ಮುಚ್ಚಿದ್ದು ನಾನು ಕಂಡಿರಲಿಲ್ಲ!

ಮನಸ್ಸು ತುಂಬಿದರೆ ನಮ್ಮವರ ಕೈ ಭಂಡಾರದ ಚೀಲಕ್ಕೇ ಹೋಗುತ್ತದೆ. ಒಂದು ಬೊಗಸೆ ಅರಿಶಿನ ಪುಡಿ ತೆಗೆದು, “ಬೀರಪ್ಪನ ಹೆಸರಿಲೆ ಚಾಂಗಭಲೋ!” ಎಂದು ಹೋರಿಯ ಕಾಲಿಗೆ ತೂರಿದೆ.

ಪುಡಿ ಕೆಳಗೆ ಬೀಳಲೇ ಇಲ್ಲ.

“ಅರೇ ಬಾಬಾ! ಹಸಿ ಬಣ್ಣ ಅದ!” ಎಂದು ಏಣಿಯ ಮೇಲಿದ್ದ ಪೇಂಟರ್ ಒಬ್ಬ ಚೀರಿದ. “ಎಲ್ಲಾರೂ ರಾಜಿ ಆಗಿ ಈಗ ಬಿಳಿ ಹಚ್ಚಿಸ್ಯಾರ!”

ಜನ ಸೇರಿದರು. ಮಚ್ಚೆ ಪಕ್ಷದ ಮುದುಕನೊಬ್ಬ, “ನೋಡ್ರೋ, ದೇವ್ರೇ ಮಚ್ಚಿ ಕೊಟ್ಟಾನ!” ಎಂದು ಕುಣಿದ. ಬಿಳಿ ಪಕ್ಷದವರು ನನ್ನ ಕಾರಿಗೆ ಅಡ್ಡ ನಿಂತರು. “ಸಾಹೇಬ್ರ, ಒರಸಿದ ಮ್ಯಾಲೇ ಗಾಡಿ ಹೊಂಡತದ!”

ಗಡಿಯಾರ ಓಡುತ್ತಿತ್ತು. ಒರೆಸಲು ಬಟ್ಟೆಯಿಲ್ಲ. ನನ್ನ ಬುದ್ಧಿಯೋ, ಇಂಥ ಹೊತ್ತಿನಲ್ಲೇ ಚುರುಕು!

“ಅಂಜಬ್ಯಾಡ್ರೀ, ಕುರಿ ಉಣ್ಣೆ ಎಲ್ಲಾ ಹೀರ್ಕೋತದ!” ಎಂದು ಹಿಂದಿನ ಸೀಟಿನಿಂದ ಎಳೆದು ತಂದು ಒರೆಸಿದೆ. ಅರಿಶಿನ ಹೋಯಿತು. ಬಿಳಿ ಬಣ್ಣವೂ ಅದರ ಜೊತೆಗೆ ಬಂತು. ಆಗ ಭಾಗವ್ವನಿಗೆ ಮಾತು ಮರಳಿತು.

“ರೀ, ಕಂಬಳಿ!”

ಉದಗೀರ ಮುಟ್ಟಿದಾಗ ಹನ್ನೊಂದಕ್ಕೆ ಎರಡೇ ನಿಮಿಷ. ಬಾಗಿಲಲ್ಲಿ ಕಾದು ನಿಂತಿದ್ದ ತಂಗಿ, “ಅಣ್ಣಾ, ಜೀವಾ ಬಾಯಿಗೆ ಬಂದಿತ್ತು!” ಎಂದಳು. ನಾನು ಜಾಣತನದಿಂದ ಕೊಳಕು ಬದಿ ಕೆಳಗೆ ಮಾಡಿ ಹಾಸಿದೆ. ಹುಡುಗಿ ಕೂತಳು, ಶಾಸ್ತ್ರ ಮುಗಿಯಿತು. ನಮಸ್ಕಾರಕ್ಕೆಂದು ಎದ್ದಳು. ಉಣ್ಣೆ ಹೀರಿಕೊಂಡ ಬಣ್ಣ ಮೇಲಿನ ಬದಿಗೂ ಬಂದಿತ್ತು. ಕೆಂಪು ರೇಷ್ಮೆಯ ಹಿಂದೆ ಎರಡು ದೊಡ್ಡ ಬಿಳಿ ಮಚ್ಚೆ!

ಮಂಟಪದಲ್ಲಿ ಗುಸುಗುಸು ಎದ್ದಿತು. ತಂಗಿಯ ಕಣ್ಣು ತುಂಬಿತು. ದೇವಣಿ ಪಕ್ಕದ ವಲಾಂಡಿಯಿಂದ ಬಂದ ಗಂಡಿನ ಅಪ್ಪ, ದನ ಸಾಕುವವರು, ಎದ್ದು ಬಂದು ಸೀರೆ ನೋಡಿದರು, ಕಂಬಳಿ ನೋಡಿದರು. ನಾನು ನಡೆದದ್ದನ್ನೆಲ್ಲ ಒಪ್ಪಿಕೊಂಡೆ.

“ಶಾಬ್ಬಾಸ್!” ಎಂದರು ಅವರು. “ನಾವೂ ಮಚ್ಚಿ ಕಡಿಯವ್ರೇ!”

ಮಂಟಪ ನಕ್ಕಿತು, ತಂಗಿಯೂ ನಕ್ಕಳು. ಭಾಗವ್ವ ನಗಲಿಲ್ಲ. ಆ ಕಂಬಳಿಯನ್ನು ಮನೆಗೆ ತಂದು ಪಡಸಾಲೆಯಲ್ಲಿ ನನಗೇ ಹಾಸಿದಳು.

“ನಾಕು ದನಾ ಇದ್ವು,” ಎಂದಳು. “ಈಗ ಐದು.”