ಪಾಯಿಂಟಿನ ನಿಯಮ ಬದಲಾದ ತಿಂಗಳು

ನಮ್ಮ ಬ್ಯಾಂಕಿನಲ್ಲಿ ಕಾರ್ಡಿನ ಪಾಯಿಂಟುಗಳ ನಿಯಮ ವರ್ಷಕ್ಕೊಂದು ಸಲವಾದರೂ ಬದಲಾಗುತ್ತದೆ. ಬದಲಾದಾಗಲೆಲ್ಲ ಯಾರಾದರೊಬ್ಬರು ನನ್ನ ಮೇಜಿನ ಮುಂದೆ ಬಂದು ಕೂತು, ನಾನು ನಗಲೇಬಾರದ ಹೊತ್ತಿನಲ್ಲಿ ನಗಿಸಿ ಎದ್ದು ಹೋಗುತ್ತಾರೆ.

ಸಂಜಯನಗರದ ಶಾಖೆಯಲ್ಲಿ ಕ್ರೆಡಿಟ್ ಕಾರ್ಡಿನ ಮೇಜು ನನ್ನದು. ಮೊದಲನೇ ಮಹಡಿ, ಪಕ್ಕದಲ್ಲಿ ದೊಡ್ಡ ಕಿಟಕಿ, ಅದರಾಚೆ ಒಂದು ಆಕಾಶಮಲ್ಲಿಗೆ ಮರ. ಊಟ ಮುಗಿದ ಮೇಲೆ ಆ ಮರದ ಹೂವು ಒಂದೊಂದಾಗಿ ಗಿರಗಿರ ತಿರುಗುತ್ತ ಇಳಿಯುವುದನ್ನು ನೋಡುತ್ತ ಕೂತರೆ ಎದುರಿಗಿರುವ ಗ್ರಾಹಕರ ಮಾತು ದೂರದ ರೇಡಿಯೋ ಥರ ಕೇಳಿಸುತ್ತದೆ. ಗ್ರಾಹಕರೂ ಅಷ್ಟೇ. ಕಾರ್ಡಿನಲ್ಲಿ ಖರ್ಚು ಮಾಡಿದ್ದಕ್ಕೆ ಬ್ಯಾಂಕು ಪಾಯಿಂಟು ಕೊಡುತ್ತದೆ, ಕೂಡಿಸಿಟ್ಟರೆ ಮಿಕ್ಸಿಯೋ ವಿಮಾನದ ಟಿಕೆಟ್ಟೋ ಸಿಗುತ್ತದೆ. ಆದರೆ ಮಿಕ್ಸಿ ತಗೊಳ್ಳುವವರು ಕಡಿಮೆ. ಬಹಳ ಜನ ಸುಮ್ಮನೆ ಕೂಡಿಸಿಡುತ್ತಾರೆ. ಆಗಾಗ ಫೋನ್ ತೆಗೆದು ಆ ಸಂಖ್ಯೆ ನೋಡಿ, ಎಲ್ಲೋ ಹೋಗಿ ಬಂದವರ ಹಾಗೆ ಮುಖ ಮಾಡಿಕೊಂಡು ಮತ್ತೆ ಜೇಬಿಗೆ ಹಾಕುತ್ತಾರೆ.

ಈ ಸಲ ಮೂರು ಬದಲಾವಣೆ ಒಟ್ಟಿಗೇ ಬಂದವು. ಪಾಯಿಂಟಿನ ಬೆಲೆ ಅರ್ಧಕ್ಕಿಳಿಯಿತು. ಹಳೇ ಪಾಯಿಂಟುಗಳಿಗೆ ಕೊನೇ ದಿನಾಂಕ ಬಂತು. ವಿಮಾನ ನಿಲ್ದಾಣದ ಲೌಂಜಿಗೆ, ಅಂದರೆ ಮೆತ್ತನೆ ಕುರ್ಚಿ, ಊಟ, ಕಾಫಿ ಎಲ್ಲ ಇರುವ ಆ ಕೋಣೆಗೆ, ಪುಕ್ಕಟೆ ಪ್ರವೇಶ ಬೇಕಾದರೆ ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿರಲೇಬೇಕು ಎಂದಾಯಿತು.

ನಿಧನ ವಾರ್ತೆ

ಮೊದಲು ಬಂದವರು ನಿವೃತ್ತ ಕನ್ನಡ ಮೇಷ್ಟ್ರು. ಇಸ್ತ್ರಿ ಮಾಡಿದ ಬಿಳೀ ಷರಟು, ಕೈಯಲ್ಲಿ ಮಡಚಿದ ಒಂದು ಹಾಳೆ. ಬ್ಯಾಂಕಿನಿಂದ ಬಂದ ಮೆಸೇಜನ್ನು ಮೊಮ್ಮಗಳ ಕೈಲಿ ಪ್ರಿಂಟ್ ತೆಗೆಸಿ ತಂದಿದ್ದರು. ನಮ್ಮ ಮುಖ್ಯ ಕಚೇರಿಯವರು ಆ ಮೆಸೇಜನ್ನು ಇಂಗ್ಲಿಷಿನಲ್ಲಿ ಬರೆದು, ಕನ್ನಡ ಮಾಡುವ ಕೆಲಸವನ್ನು ಯಾವುದೋ ಕಂಪ್ಯೂಟರಿಗೆ ಬಿಟ್ಟಿದ್ದರು. ಅದು ಹೀಗಿತ್ತು: 'ಪ್ರಿಯ ಗ್ರಾಹಕರೇ, ನಿಮ್ಮ ಅಂಕಗಳು ತಿಂಗಳ ಕೊನೆಗೆ ನಿಧನ ಹೊಂದಲಿವೆ. ನಿಧನಕ್ಕೆ ಮುನ್ನ ವಿಮೋಚನೆ ಪಡೆಯಿರಿ.'

ಇಂಗ್ಲಿಷಿನ 'ಎಕ್ಸ್‌ಪೈರ್' ನಿಧನವಾಗಿತ್ತು, 'ರಿಡೀಮ್' ವಿಮೋಚನೆಯಾಗಿತ್ತು. ನಾನು ಕ್ಷಮೆ ಕೇಳಿದೆ. ಮೇಷ್ಟ್ರಿಗೆ ಸಿಟ್ಟೇನೂ ಇರಲಿಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ಅಂಕ ಕೊಟ್ಟಿದ್ದೇನೆ, ಅಂಕ ಸಾಯುವುದನ್ನು ಇದೇ ಮೊದಲು ಕೇಳುತ್ತಿದ್ದೇನೆ ಅಂದರು. ಹಾಳೆಯನ್ನು ಮತ್ತೆ ಮಡಚಿ ಜೇಬಿಗಿಟ್ಟರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು.

"ಅಲ್ಲಮ್ಮ, ಉಳಿದದ್ದೆಲ್ಲ ಅರ್ಥ ಆಯ್ತು. ಹನ್ನೊಂದನೇ ದಿನದ ಊಟ ಬ್ಯಾಂಕಿನವರು ಹಾಕಿಸ್ತಾರೋ, ನಾನೇ ಹಾಕಿಸ್ಬೇಕೋ?"

ಹತ್ತಿರ ಬಂದ ಸ್ವಿಟ್ಜರ್‌ಲ್ಯಾಂಡ್

ಗಂಗಾನಗರದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಒಬ್ಬ ಹೆಂಗಸು ನನಗೆ ಏಳೆಂಟು ವರ್ಷದಿಂದ ಪರಿಚಯ. ಬಟ್ಟೆ, ಲೈನಿಂಗು, ಗುಂಡಿ, ದಾರ, ಎಲ್ಲವನ್ನೂ ಕಾರ್ಡಿನಲ್ಲೇ ಕೊಳ್ಳುತ್ತಿದ್ದರು. ಹೊಲಿಗೆ ಮಿಷನ್ನಿನ ಎದುರು ಗೋಡೆಗೆ ಒಂದು ಹಳೇ ಕ್ಯಾಲೆಂಡರಿನ ಸ್ವಿಟ್ಜರ್‌ಲ್ಯಾಂಡ್ ಚಿತ್ರ ಅಂಟಿಸಿದ್ದರು: ನೀಲಿ ಸರೋವರ, ಹಿಂದೆ ಮಂಜಿನ ಬೆಟ್ಟ, ಮುಂದೆ ಒಂದು ಖಾಲಿ ಬೆಂಚು. ಬ್ಲೌಸಿನ ತೋಳು ಹೊಲಿಯುವಾಗ ಆ ಬೆಂಚಿನ ಮೇಲೆ ಕೂತಿರುತ್ತೀನಿ ಅಂತ ಒಂದು ಸಲ ನನಗೆ ಹೇಳಿದ್ದರು. ಕುತ್ತಿಗೆ ಹೊಲಿಯುವಾಗ ಆಗೋದಿಲ್ಲವಂತೆ, ಅದಕ್ಕೆ ಗಮನ ಬೇಕಂತೆ.

ಮೊದಲು ಕಾರ್ಡು ತಗೊಂಡಾಗ ಅವರ ಪಾಯಿಂಟಿನ ಲೆಕ್ಕ ಸ್ವಿಟ್ಜರ್‌ಲ್ಯಾಂಡಿಗೇ ಇತ್ತು. ಎರಡು ವರ್ಷದ ಮೇಲೆ ನಿಯಮ ಬದಲಾಗಿ ಅದು ಸಿಂಗಪುರಕ್ಕೆ ಬಂತು. ಮತ್ತೆ ಮತ್ತೆ ಬದಲಾಗಿ ಗೋವಾಕ್ಕೆ ಬಂತು. ಈ ಸಲ ನಾನು ಕಂಪ್ಯೂಟರಿನಲ್ಲಿ ನೋಡಿ, ಮೇಡಂ, ಈಗಿರುವ ಪಾಯಿಂಟಿಗೆ ನಂದಿ ಬೆಟ್ಟದ ತಪ್ಪಲಿನ ಒಂದು ರೆಸಾರ್ಟಿನಲ್ಲಿ ಒಂದು ದಿನ ಇರಬಹುದು, ತಿಂಡಿಯೂ ಸೇರಿದೆ ಅಂದೆ. ಹೇಳುವಾಗ ಅವರ ಮುಖ ನೋಡದೆ ಕೀಬೋರ್ಡನ್ನೇ ನೋಡುತ್ತಿದ್ದೆ.

ಅವರು ಕೊರಳಿಗೆ ಹಾಕಿಕೊಂಡಿದ್ದ ಅಳತೆಪಟ್ಟಿಯನ್ನು ತೆಗೆದು ಬೆರಳಿಗೆ ಸುತ್ತುತ್ತ ಯೋಚಿಸಿದರು. ಅಲ್ಲಿ ಬೆಂಚು ಇರುತ್ತಾ ಅಂತ ಕೇಳಿದರು. ಇರುತ್ತೆ ಅಂದೆ. ಬೆಳಿಗ್ಗೆ ಮಂಜು? ಅದೂ ಇರುತ್ತೆ ಅಂದೆ. ಹಾಗಾದರೆ ಬುಕ್ ಮಾಡಿ ಅಂದು ಎದ್ದರು.

"ಬೇಜಾರ್ ಮಾಡ್ಕೋಬೇಡಿ," ನನಗೇ ಸಮಾಧಾನ ಹೇಳಿದರು. "ಕೆಲಸ ಬಿಟ್ಟು ಅಷ್ಟು ದೂರ ಹೋಗೋಕೆ ನನಗೆಲ್ಲಿ ಆಗುತ್ತೆ ಅಂತ ನಿಮ್ಮ ಬ್ಯಾಂಕಿನವರಿಗೂ ಗೊತ್ತು. ಅದಕ್ಕೇ ವರ್ಷ ವರ್ಷಕ್ಕೂ ಸ್ವಿಟ್ಜರ್‌ಲ್ಯಾಂಡನ್ನ ನಮ್ಮ ಹೆಬ್ಬಾಳಕ್ಕೆ ಹತ್ತಿರ ಹತ್ತಿರ ತಳ್ಕೊಂಡು ಬರ್ತಿದ್ದಾರೆ."

ತಾಳ್ಮೆಯ ಮೇಡಂ

ಇದು ನಮ್ಮ ಮನೆಯದೇ. ಆ ತಿಂಗಳೆಲ್ಲ ನಾನು ಊರಿಗೆಲ್ಲ ಹೇಳಿದ್ದೇ ಹೇಳಿದ್ದು, ಪಾಯಿಂಟು ಬೇಗ ಬಳಸಿ ಅಂತ. ನನ್ನದನ್ನು ಬಳಸುವುದು ಮರೆತೆ. ಕೊನೇ ದಿನ ದಾಟಿ ಎಲ್ಲ ಹೋಯಿತು. ಸಂಜೆ ಗಂಡನಿಗೆ ಹೇಳಿದರೆ ಅವರಿಗೆ ನನ್ನ ಮರೆವಿನ ಮೇಲೆ ಕೋಪ ಬರಲಿಲ್ಲ, ಬ್ಯಾಂಕಿನ ಮೇಲೆ ಬಂತು. ನಾನು ನೋಡ್ಕೋತೀನಿ, ನೀನು ಸುಮ್ಮನಿರು ಅಂದರು.

ಮಾರನೇ ದಿನ ತಮ್ಮ ಆಫೀಸಿನಿಂದ ಕಸ್ಟಮರ್ ಕೇರಿಗೆ ಫೋನ್ ಮಾಡಿದ್ದಾರೆ. ಅಲ್ಲಿ ಒಂದು ಒತ್ತಿ, ಎರಡು ಒತ್ತಿ, ನಾಲ್ಕು ಒತ್ತಿ, ಕಾರ್ಡು ಕೊಟ್ಟ ಶಾಖೆಗೆ ಕನೆಕ್ಟ್ ಮಾಡ್ತೀವಿ ಅಂದಿದ್ದಾರೆ. ಆ ಶಾಖೆ ನಮ್ಮದೇ. ನನ್ನ ಮೇಜಿನ ಫೋನು ಬಡಿಯಿತು. ಎತ್ತಿ, ದಿನವೂ ಹೇಳುವ ಹಾಗೆ, ನಮಸ್ಕಾರ, ಹೇಗೆ ಸಹಾಯ ಮಾಡಲಿ ಅಂದೆ. ಆ ಕಡೆಯಿಂದ ನನ್ನ ಗಂಡ ಶುರು ಮಾಡಿದರು. ಬ್ಯಾಂಕಿನ ಆ ಮೆತ್ತನೆ ದನಿಯಲ್ಲಿ ನನ್ನ ಗುರುತು ಅವರಿಗೆ ಹತ್ತಲಿಲ್ಲ. ನನ್ನ ಹೆಂಡತಿಗೆ ನೀವು ಸರಿಯಾಗಿ ತಿಳಿಸಿಲ್ಲ, ಅವಳು ಪಾಪ ದಿನವಿಡೀ ದುಡಿಯುವವಳು, ಇದೆಲ್ಲ ನೋಡೋಕೆ ಅವಳಿಗೆ ಸಮಯ ಎಲ್ಲಿದೆ ಅಂತ ಐದು ನಿಮಿಷ ವಾದಿಸಿದರು. ನನ್ನ ಪರವಾಗಿ ಅವರು ಅಷ್ಟು ಮಾತಾಡಿದ್ದು ನಾನು ಕೇಳೇ ಇರಲಿಲ್ಲ. ನಾನೇ ಅಂತ ಹೇಳಲು ಮನಸ್ಸಾಗಲಿಲ್ಲ. ಹೌದು ಸಾರ್, ಖಂಡಿತ ಸಾರ್, ಅರ್ಥ ಆಗುತ್ತೆ ಸಾರ್, ಆದರೆ ಪಾಯಿಂಟು ವಾಪಸು ಬರಲ್ಲ ಸಾರ್ ಅನ್ನುತ್ತ, ಕಿಟಕಿಯಲ್ಲಿ ಹೂವು ಬೀಳುವುದನ್ನು ನೋಡುತ್ತ ಕೇಳುತ್ತಲೇ ಇದ್ದೆ.

ಸಂಜೆ ಮನೆಗೆ ಹೋದರೆ ಮುಖ ಅರಳಿಸಿಕೊಂಡು ಕೂತಿದ್ದರು. ಪಾಯಿಂಟೇನೂ ವಾಪಸು ಬರಲ್ಲವಂತೆ ಅಂದರು. ಆಮೇಲೆ ಕಾಫಿ ಲೋಟ ಹಿಡಿದು ಮೇಲೆ ನೋಡುತ್ತ ಹೇಳಿದರು: "ಆದ್ರೆ ಅಲ್ಲೊಬ್ಬರು ಮಾತಾಡಿದ್ರು ಕಣೇ, ಎಂಥ ತಾಳ್ಮೆ! ನಿಮ್ಮ ಬ್ಯಾಂಕೇ ಅಲ್ವಾ, ಅವರ ಹತ್ರ ನೀನೂ ಸ್ವಲ್ಪ ಕಲ್ತ್ಕೋಬಾರ್ದಾ?"

ಪುಟ್ಟೇನಹಳ್ಳಿಯ ಲೌಂಜು

ವಿಮಾನ ನಿಲ್ದಾಣದ ದಾರಿಯಲ್ಲಿರುವ ಪುಟ್ಟೇನಹಳ್ಳಿಯ ಯಜಮಾನರೊಬ್ಬರು ಎತ್ತರದ ಆಳು. ಅವರ ದ್ರಾಕ್ಷಿ ತೋಟ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು ನಿಂತಿದೆ. ನಮ್ಮ ಬ್ಯಾಂಕಿನ ದೊಡ್ಡ ಕಾರ್ಡು ಅವರಲ್ಲಿದೆ, ಬಳಸುವುದು ಮಾತ್ರ ಅಪರೂಪ. ನಿಯಮ ಬದಲಾದ ವಾರದಲ್ಲಿ ಬಂದು ಕೂತರು. ಟವೆಲಿನಲ್ಲಿ ಮುಖ ಒರೆಸಿಕೊಂಡು, ಲೌಂಜು ಕಿತ್ಕೊಂಬುಟ್ರಂತೆ, ನಿಜವಾ ಅಂದರು.

ಕಥೆ ಏನೆಂದರೆ, ಹಿಂದಿನ ವರ್ಷ ಗಂಡ ಹೆಂಡತಿ ಹುಬ್ಬಳ್ಳಿಯಲ್ಲಿರುವ ಮಗಳ ಮನೆಗೆ ಮೊದಲ ಸಲ ವಿಮಾನದಲ್ಲಿ ಹೋಗಿದ್ದರು. ಹೋಗುವಾಗ ಬಾಗಿಲಲ್ಲಿ ಈ ಕಾರ್ಡು ತೋರಿಸಿ ಲೌಂಜಿನೊಳಗೆ ಕೂತಿದ್ದರು. ಹೆಂಡತಿ ದೊಡ್ಡ ಗಾಜಿನ ಮುಂದೆ, ಮೆತ್ತನೆ ಕುರ್ಚಿಯಲ್ಲಿ ಕಾಲು ಚಾಚಿ, ವಿಮಾನಗಳು ಏಳುವುದನ್ನೇ ನೋಡುತ್ತಿದ್ದರಂತೆ. ಆಗ ಸಮವಸ್ತ್ರದ ಹುಡುಗಿಯೊಬ್ಬಳು ಬಗ್ಗಿ, ಅಮ್ಮಾ ಕಾಫಿ ತರಲಾ ಅಂದಳಂತೆ.

"ನಲವತ್ತೈದು ವರ್ಸದಿಂದ ಆವಮ್ಮ ಎಲ್ರುನ್ನೂ ಕಾಫಿ ಬೇಕಾ ಅಂತ ಕೇಳೈತೆ," ಅಂದರು ಯಜಮಾನರು. "ಅವ್ಳನ್ನ ಯಾರೂ ಕೇಳಿರ್ನಿಲ್ಲ. ನಾನೂ ಕೇಳಿರ್ನಿಲ್ಲ."

ಅವತ್ತಿನಿಂದ ಆಕೆಗೆ ಅದೇ ಧ್ಯಾನ. ತಾರಸಿ ಮೇಲೆ ಬಟ್ಟೆ ಒಣಗಿಸುವಾಗ ತಲೆ ಮೇಲೆ ವಿಮಾನ ಹೋದರೆ ಹಿಡಿದ ಬಟ್ಟೆ ಹಿಡಿದ ಹಾಗೇ ನಿಂತುಬಿಡುತ್ತಾರಂತೆ. ಇನ್ನೊಂದು ಸಲ ಕರೆದುಕೊಂಡು ಹೋಗ್ತೀನಿ ಅಂತ ಇವರು ಮಾತು ಕೊಟ್ಟಿದ್ದರು. ಈಗ ಎಷ್ಟು ಖರ್ಚು ಮಾಡಿದರೆ ಒಳಗೆ ಬಿಡುತ್ತಾರೆ ಅಂತ ಕೇಳಿದರು. ಮೊತ್ತ ಹೇಳಿದೆ. ತಲೆಯಾಡಿಸಿ ಹೊರಟರು.

ಎರಡು ತಿಂಗಳಾದ ಮೇಲೆ ನೋಡಿದರೆ ಅವರ ಕಾರ್ಡಿನಲ್ಲಿ ಸಿಮೆಂಟು, ಗಾಜು, ಟೈಲ್ಸು, ಒಂದು ದೊಡ್ಡ ಒರಗು ಕುರ್ಚಿ, ಕಾಫಿ ಮಿಷನ್ನು, ಎಲ್ಲ ಬಂದಿದೆ. ಬೇಕಾದ್ದಕ್ಕಿಂತ ಜಾಸ್ತಿಯೇ ಖರ್ಚಾಗಿದೆ. ಸಂತೋಷವಾಗಿ ಫೋನ್ ಮಾಡಿ, ಯಜಮಾನರೇ, ನೀವಿನ್ನು ಪುಕ್ಕಟೆ ಲೌಂಜಿಗೆ ಹೋಗಬಹುದು ಅಂದೆ.

"ಅಯ್ಯೋ, ಅಷ್ಟು ದೂರ ಯಾಕವ್ವಾ ಓಗ್ಬೇಕು? ತಾರ್ಸಿ ಮ್ಯಾಲೇ ಕಟ್ಟಿವ್ನಿ. ಬನ್ನಿ ಒಂದ್ ದಪ ನೋಡಾಕೆ," ಅಂದರು.

ಭಾನುವಾರ ಸಂಜೆ ಹೋದೆ. ಮೆಟ್ಟಿಲು ಹತ್ತಿದರೆ ತಾರಸಿಯ ಅರ್ಧಕ್ಕೆ ಗಾಜಿನ ಕೋಣೆ, ಆಚೆ ಪುಟ್ಟೇನಹಳ್ಳಿ ಕೆರೆ ಬಂಗಾರದ ತಟ್ಟೆಯ ಹಾಗೆ ಮಲಗಿತ್ತು. ಕೆರೆಯ ಮೇಲಿಂದ ಒಂದು ವಿಮಾನ ನಿಧಾನವಾಗಿ, ತೇಲಿದ ಹಾಗೆ ಏರುತ್ತಿತ್ತು. ಕೋಣೆಯೊಳಗೆ ಯಜಮಾನರು ಟವೆಲನ್ನು ಮುಂಗೈ ಮೇಲೆ ಹಾಕಿಕೊಂಡು ಕಾಫಿ ಮಿಷನ್ನಿನ ಜೊತೆ ಗುದ್ದಾಡುತ್ತಿದ್ದರು. ಬಾಗಿಲಿಗೆ ಅಡ್ಡ ಒಂದು ಸ್ಟೂಲು ಹಾಕಿಕೊಂಡು ಅವರ ಹೆಂಡತಿ ಕೂತಿದ್ದರು. ಒರಗು ಕುರ್ಚಿ ಬಿಟ್ಟು ಇಲ್ಯಾಕೆ ಕೂತಿದ್ದೀರಿ ಅಂದೆ. ಬೀದಿಯವರೆಲ್ಲ ಬಂದು ನುಗ್ತಾರೆ, ಯಾರಾದ್ರೂ ನೋಡ್ಕೋಬೇಡ್ವಾ ಅಂದರು. ಆಮೇಲೆ ಬಹಳ ಗಂಭೀರವಾಗಿ ಕೈ ಚಾಚಿದರು.

ತಮಾಷೆಗೆ ನಾನೂ ಬ್ಯಾಗಿನಿಂದ ನಮ್ಮ ಬ್ಯಾಂಕಿನ ಕಾರ್ಡು ತೆಗೆದು ಕೊಟ್ಟೆ. ಆಕೆ ಅದನ್ನು ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿ, ನನ್ನ ಕೈಗೇ ವಾಪಸು ಇಟ್ಟರು.

"ಇದು ಇಲ್ಲಿ ನಡೆಯಾಕಿಲ್ಲ ಕಣವ್ವಾ. ನಿಯಮ ಬದ್ಲಾಗೈತೆ."